ಸತ್ತವರಿಗೊಂದು ಬ್ರೌಸರು

ನೀವು ಬದುಕಿದ್ದೀರೋ ಇಲ್ಲವೋ ಎಂದು ನಿಮಗೇ ಅನುಮಾನ ಬಂದರೆ ಡಾಕ್ಟರ ಹತ್ತಿರ ಹೋಗಬೇಕಾಗಿಲ್ಲ. ಅಬ್ಬಿಗೆರೆಯಲ್ಲಿರುವ ನಮ್ಮತ್ತೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಒಂದು ಅರ್ಜಿ ತುಂಬಿಕೊಡಿ ಎಂದು ಕೇಳಿ. ಅವರು ನಿಮ್ಮ ಮುಖವನ್ನೊಮ್ಮೆ ನೋಡಿ, ಕಂಪ್ಯೂಟರಿನಲ್ಲಿ ಯಾವ ಬ್ರೌಸರ್ ತೆರೆಯುತ್ತಾರೆ ಅನ್ನುವುದನ್ನು ಗಮನಿಸಿ. ಬಣ್ಣದ ಚಕ್ರವನ್ನೋ ಬೆಂಕಿ ನರಿಯನ್ನೋ ತೆರೆದರೆ ನಿಶ್ಚಿಂತೆಯಿಂದ ಮನೆಗೆ ಹೋಗಿ ಉಂಡು ಮಲಗಿ. ನೀಲಿ 'ಇ' ತೆರೆದರೋ, ಯಾವುದಕ್ಕೂ ಒಮ್ಮೆ ನಾಡಿ ಹಿಡಿದು ನೋಡಿಕೊಳ್ಳುವುದು ಒಳ್ಳೆಯದು.

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಾ? ನಾನು ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಯಂತ್ರ ಎಂದರೆ ಯಂತ್ರ, ಅದರೊಳಗೆ ದೆವ್ವವೂ ಇಲ್ಲ ದೇವರೂ ಇಲ್ಲ ಎಂದು ಪ್ರತಿ ಬ್ಯಾಚಿನ ಮಕ್ಕಳಿಗೂ ಮೊದಲ ದಿನವೇ ಹೇಳುವವನು. ಇಂಟರ್ನೆಟ್ ನೋಡಲು ಯಾವ ಬ್ರೌಸರ್ ಒಳ್ಳೆಯದು ಎಂದು ಕೇಳಿದರೆ ನನ್ನ ಬಳಿ ಪಟ್ಟಿ ಸಿದ್ಧವಿರುತ್ತಿತ್ತು. ಯಾವುದು ಬೇಗ ತೆರೆಯುತ್ತದೆ, ಯಾವುದು ಮೆಮೊರಿ ನುಂಗುತ್ತದೆ, ಆಫೀಸಿಗೆ ಯಾವುದು ಸರಿ, ಮನೆಗೆ ಯಾವುದು ಸಾಕು. ಆ ಕಾಲದಲ್ಲಿ ಇದೇನು ಸಣ್ಣ ವಿಷಯವಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಬೆಂಕಿ ನರಿಯ ಕಡೆಯ ಮೇಷ್ಟ್ರೊಬ್ಬರೂ ಬಣ್ಣದ ಚಕ್ರದ ಕಡೆಯ ಮೇಷ್ಟ್ರೊಬ್ಬರೂ ಇದೇ ವಿಷಯಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಅವರಿಬ್ಬರ ಮಧ್ಯೆ ಕೂತು ಟೀ ಲೋಟ ದಾಟಿಸುತ್ತಿದ್ದವನು ನಾನು. ಇಷ್ಟೆಲ್ಲ ತಿಳಿದವನಿಗೆ, ಎಲ್ಲ ಕೆಲಸಕ್ಕೂ ಒಂದೇ ಬ್ರೌಸರ್ ಸಾಕಲ್ಲ ಎಂದಿದ್ದಕ್ಕೆ, ಎಸ್ಸೆಸ್ಸೆಲ್ಸಿಯ ಗಣಿತಕ್ಕೆ ಕೈಮುಗಿದು ಶಾಲೆ ಬಿಟ್ಟ ನಮ್ಮತ್ತೆ ಒಂದೇ ಮಾತಿನಲ್ಲಿ ಪಾಠ ಮಾಡಿಬಿಟ್ಟರು.

"ತಿಥಿ ಮಾಡೋ ಪಾತ್ರೇಲಿ ಮದ್ವೆ ಪಾಯ್ಸ ಮಾಡ್ತಾರೇನೋ?"

ಅಷ್ಟೇ. ಅವರ ಅಂಗಡಿಯಲ್ಲಿ ಬ್ರೌಸರುಗಳ ಪಾಲು ಹಾಗೇ ಆಗಿತ್ತು. ಕರೆಂಟ್ ಬಿಲ್ಲು, ರೈಲಿನ ಟಿಕೆಟ್ಟು, ಪರೀಕ್ಷೆಯ ಫಲಿತಾಂಶ, ಇಂಥ ದಿನದ ಕೆಲಸಕ್ಕೆಲ್ಲ ಬೆಂಕಿ ನರಿ. ಜಾತಕ, ಛತ್ರದ ಬುಕಿಂಗು, ಶಾಲೆ ಸೇರುವ ಅರ್ಜಿ, ಜೊತೆಗೆ ಮಧ್ಯಾಹ್ನ ಊಟವಾದ ಮೇಲೆ ಅವರೇ ಕೂತು ನೋಡುವ ಧಾರಾವಾಹಿ, ಇವೆಲ್ಲ ಬಣ್ಣದ ಚಕ್ರಕ್ಕೆ. ಮರಣ ಪ್ರಮಾಣಪತ್ರ, ಪೌತಿ ಖಾತೆ, ವಿಧವಾ ಪಿಂಚಣಿ, ಪೇಪರಿಗೆ ಕಳಿಸುವ ಶ್ರದ್ಧಾಂಜಲಿ ಇವು ಮಾತ್ರ ನೀಲಿ ಇ-ಗೆ. ಬ್ರೌಸರುಗಳ ನಿಜವಾದ ಹೆಸರು ಅವರ ನಾಲಿಗೆಗೆ ಹೊಂದುತ್ತಿರಲಿಲ್ಲ. ತೆರೆಯ ಮೇಲೆ ಕಾಣುವ ಚಿತ್ರ ನೋಡಿ ತಾವೇ ಇಟ್ಟ ಹೆಸರುಗಳಿವು, ಕಡೆಗೆ ನನ್ನ ಬಾಯಲ್ಲೂ ಅವೇ ನಿಂತವು.

ನಮ್ಮತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಕ್ಕಳಿಲ್ಲ. ಮಾವ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿದ್ದರು. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಡುವುದು ಅವರ ಆಸೆ. 2008ರಲ್ಲಿ ಜೆರಾಕ್ಸ್ ಮೆಷಿನ್ನು, ಕಂಪ್ಯೂಟರು ಎಲ್ಲ ತಂದು ಜೋಡಿಸಿದರು. ಶುಕ್ರವಾರ ಪೂಜೆ ಎಂದು ನಿಶ್ಚಯವಾಗಿತ್ತು. ಬುಧವಾರ ಎದೆನೋವು ಎಂದು ಕೂತವರು ಏಳಲಿಲ್ಲ. ಹೀಗಾಗಿ ಆ ಅಂಗಡಿಯಲ್ಲಿ ತುಂಬಿದ ಮೊಟ್ಟಮೊದಲ ಅರ್ಜಿ ಮಾವನ ಮರಣ ಪತ್ರದ್ದೇ. ಕಂಪ್ಯೂಟರಿನಲ್ಲಿ ಆಗ ಇದ್ದದ್ದು ನೀಲಿ ಇ ಒಂದೇ. ನಾನು ತುಂಬಿಕೊಡುತ್ತೇನೆ ಎಂದರೂ ಅತ್ತೆ ಒಪ್ಪಲಿಲ್ಲ, ಒಂದೊಂದೇ ಅಕ್ಷರ ಹುಡುಕಿ ತಾವೇ ಒತ್ತಿದರು. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಮೂವತ್ತೆಂಟು ವರ್ಷ ಹೇಳದೆ ಇದ್ದ ಹೆಸರನ್ನು ಅವರು ಅವತ್ತು ಬೆರಳಲ್ಲಿ ಹೇಳಿದರು. ಹದಿನೈದು ದಿನ ಬಿಟ್ಟು ನನ್ನನ್ನು ಕರೆಸಿ, "ಇದು ಅವ್ರಿಗಾಯ್ತು. ಬದುಕಿರೋರ್ಗೆ ಬೇರೆ ಒಂದು ಆಕ್ಕೊಡು" ಅಂದರು. ಬೆಂಕಿ ನರಿ ಹಾಕಿಕೊಟ್ಟೆ, ಮುಂದೆ ಬಣ್ಣದ ಚಕ್ರವನ್ನೂ ಹಾಕಿದೆ.

ನೀಲಿ ಇ ಸುಮ್ಮನೆ ಇರುವ ಜಾತಿಯದಲ್ಲ. ಪ್ರತಿದಿನ ತೆರೆದ ಕೂಡಲೇ ಅದು ಒಂದು ಪ್ರಶ್ನೆ ಕೇಳುತ್ತಿತ್ತು, ಇನ್ನು ಮುಂದೆ ಎಲ್ಲ ಕೆಲಸಕ್ಕೂ ನನ್ನನ್ನೇ ಇಟ್ಟುಕೊಳ್ಳುತ್ತೀಯಾ ಎಂದು. ನಾವು ನೀವು ಓದದೆ ಒತ್ತಿಬಿಡುವ ಪ್ರಶ್ನೆ ಅದು. ಅತ್ತೆ ಮಾತ್ರ ದಿನವೂ ಪೂರ್ತಿ ಓದಿ, ಬಾಗಿಲಲ್ಲಿ ನಿಂತ ನೆಂಟರಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು.

"ಬ್ಯಾಡಪ್ಪ. ಕರ್ದಾಗ ಬಂದ್ರೆ ಸಾಕು."

"ಅತ್ತೆ, ಇಲ್ಲೊಂದು ಗುರುತು ಹಾಕಿದ್ರೆ ಅದು ಮತ್ತೆ ಕೇಳೋದೇ ಇಲ್ಲ. ಹಾಕ್ಲಾ?" ಅಂದೆ ಒಂದು ದಿನ, ನನ್ನ ವಿದ್ಯೆ ತೋರಿಸಲು.

ಅವರು ನನ್ನ ಕೈ ಹಿಡಿದು ತಡೆದರು. "ಕೇಳ್ಕೊಂಡು ಬರ್ಲಿ ಬುಡು. ಕೇಳ್ದೆ ಬಂದ್ರೆ ಏನ್ ಮಾಡ್ತೀಯ?"

ನಕ್ಕೆ. ನಗು ಮುಗಿದ ಮೇಲೆ ಸುತ್ತಲೂ ಒಮ್ಮೆ ನೋಡಿಕೊಂಡದ್ದೂ ನಿಜ.

ಬ್ರೌಸರುಗಳಿಗೆ ಒಂದು ಅಭ್ಯಾಸವಿದೆ, ನೀವೂ ಗಮನಿಸಿರುತ್ತೀರಿ. ಒಮ್ಮೆ ತುಂಬಿದ ಹೆಸರನ್ನು ಅದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಮೊದಲ ಅಕ್ಷರ ಒತ್ತಿದರೆ ಸಾಕು, ಆ ಅಕ್ಷರದ ಹೆಸರುಗಳೆಲ್ಲ ಕೆಳಗೆ ಸಾಲಾಗಿ ಇಳಿದು ನಿಲ್ಲುತ್ತವೆ. ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮದೇ ಹೆಸರು, ಹೆಂಡತಿಯ ಹೆಸರು ಬರಬಹುದು. ಅತ್ತೆಯ ನೀಲಿ ಇ-ಯಲ್ಲಿ ಆರ್ ಒತ್ತಿದರೆ ರಾಜಮ್ಮ, ರಾಮಯ್ಯ, ರಂಗಪ್ಪ, ರುದ್ರಮುನಿ ಎಲ್ಲರೂ ಕರೆದ ತಕ್ಷಣ ಎದ್ದು ಬರುತ್ತಿದ್ದರು. ಎಲ್ಲರೂ ಹೋದವರೇ! ಅಬ್ಬಿಗೆರೆ, ಚಿಕ್ಕಬಾಣಾವರ, ಗಂಗಮ್ಮನಗುಡಿ ಸುತ್ತಮುತ್ತ ಕಣ್ಣು ಮುಚ್ಚಿದವರ ಪೈಕಿ ಅರ್ಧದಷ್ಟು ಜನ ಆ ಸಾಲಿನಲ್ಲಿದ್ದರು. ಒಂದು ಸಲ ನಾನು ಸುಮ್ಮನೆ ಜಿ ಒತ್ತಿದೆ. ಗಂಗಾಧರಯ್ಯ ಎಂದು ಬಂತು, ಜೊತೆಗೆ ಅವರ ತಂದೆಯ ಹೆಸರು, ಊರು. ನನಗೆ ಐದನೆಯ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸಿದ ಮೇಷ್ಟ್ರು. ಅವರು ತೀರಿಕೊಂಡ ವಿಷಯ ನನಗೆ ತಿಳಿದದ್ದೇ ಹಾಗೆ. ಅವರು ಕಲಿಸಿದ ಅಕ್ಷರ ಒತ್ತಿದ್ದಕ್ಕೆ ಅವರೇ ಬಂದು ನಿಂತರು ಅನ್ನಿಸಿ, ಆ ಮಧ್ಯಾಹ್ನವೆಲ್ಲ ನಾನು ಕೀಬೋರ್ಡ್ ಮುಟ್ಟಲಿಲ್ಲ.

ಅತ್ತೆಗೆ ಆ ಭಯವಿರಲಿಲ್ಲ. ಹೊಸಬರ ಅರ್ಜಿ ತುಂಬುವಾಗ ಹಳಬರ ಸಾಲು ಇಳಿದರೆ, "ಇರ್ರಪ್ಪ, ನಿಮ್ಮನ್ನಲ್ಲ ಕರ್ದಿದ್ದು" ಎಂದು ಅವರನ್ನೆಲ್ಲ ಸಮಾಧಾನ ಮಾಡಿ ಮುಂದೆ ಟೈಪ್ ಮಾಡುತ್ತಿದ್ದರು. ಎದುರಿಗೆ ಕೂತ ಗಿರಾಕಿ ಒಮ್ಮೆ ಕಂಪ್ಯೂಟರನ್ನು, ಒಮ್ಮೆ ಬಾಗಿಲನ್ನು ನೋಡುತ್ತಿದ್ದ. ಕರೆಂಟು ಹೋಗಿ ಬಂದರೆ ನೀಲಿ ಇ ತಾನು ಅರ್ಧಕ್ಕೆ ಬಿಟ್ಟ ಪುಟವನ್ನು ಮತ್ತೆ ತೆರೆಯಲೇ ಎಂದು ಕೇಳುತ್ತಿತ್ತು. "ನೋಡು, ಒಬ್ಬರನ್ನೂ ಮರೆಯಲ್ಲ ಅದು" ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಕೇಳಿದವರ ಮೈಯಲ್ಲಿ ಮುಳ್ಳೇಳುತ್ತಿತ್ತು ಎಂಬುದು ಬೇರೆ ಮಾತು.

ಸತ್ತವರನ್ನೂ ಇದ್ದವರನ್ನೂ ಹೀಗೆ ಬೇರೆ ಮಾಡಿ ಇಡುವುದು ಎಲ್ಲ ಅರ್ಜಿಯಲ್ಲೂ ಸುಲಭವಲ್ಲ. ವಂಶವೃಕ್ಷವನ್ನು ನೋಡಿ. ಮೇಲೆ ತೀರಿಹೋದ ಅಜ್ಜ, ಕೆಳಗೆ ಬದುಕಿರುವ ಮಕ್ಕಳು ಮೊಮ್ಮಕ್ಕಳು, ಎಲ್ಲರೂ ಒಂದೇ ಕಾಗದದಲ್ಲಿ. ಬೇರೆಯವರಾಗಿದ್ದರೆ ಸೋತು ಕೈಬಿಡುತ್ತಿದ್ದರು. ಅತ್ತೆ ಅಜ್ಜನನ್ನು ನೀಲಿ ಇ-ಯಲ್ಲಿ ತುಂಬಿ ಪ್ರಿಂಟ್ ತೆಗೆದರು. ಮಕ್ಕಳನ್ನು ಬಣ್ಣದ ಚಕ್ರದಲ್ಲಿ ತುಂಬಿ ಇನ್ನೊಂದು ಪ್ರಿಂಟ್ ತೆಗೆದರು. ಕತ್ತರಿಯಿಂದ ಎರಡನ್ನೂ ಕತ್ತರಿಸಿ, ಗೋಂದು ಹಚ್ಚಿ ಒಂದು ಮಾಡಿ, ಅದನ್ನು ಜೆರಾಕ್ಸ್ ಮಾಡಿಕೊಟ್ಟರು. ಕಾಗದ ನೋಡಿದ ಗುಮಾಸ್ತರು ಅನುಮಾನದಿಂದ ಕೇಳಿದರಂತೆ.

"ಏನಮ್ಮ ಇದು, ಮಧ್ಯದಲ್ಲಿ ಗೆರೆ ಬಂದಿದೆ?"

"ಸತ್ತೋರ್ಗೂ ಇದ್ದೋರ್ಗೂ ಮಧ್ಯ ಒಂದು ಗೆರೆ ಇರ್ಬೇಕಲ್ಲ ಸ್ವಾಮಿ."

ಗುಮಾಸ್ತರು ಸೀಲು ಒತ್ತಿದರು.

ಈ ಗೆರೆ ದಾಟಿದರೆ ಏನಾಗುತ್ತದೆ? ಅದನ್ನೂ ನೋಡಿದ್ದೇನೆ, ದಾಟಿದ ಮಹಾನುಭಾವ ನಾನೇ ಆದ್ದರಿಂದ. 2012ರ ಬೇಸಿಗೆಯಲ್ಲಿ ಒಂದು ದಿನ ಅತ್ತೆ ಒಳಗೆ ಮುದ್ದೆ ತೊಳಸುತ್ತಿದ್ದರು, ನಾನು ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೀದಿಯ ನಂಜಪ್ಪ ಎಂಬ ಎಪ್ಪತ್ತರ ಮುದುಕರು ಗ್ಯಾಸ್ ಸಂಪರ್ಕದ ಅರ್ಜಿ ತಂದರು. ಬೆಂಕಿ ನರಿ ಏನೋ ಹೊಸದು ಇಳಿಸಿಕೊಳ್ಳುತ್ತ ಸುತ್ತುತ್ತಿತ್ತು. ನಾನು ಹಿಂದೆಮುಂದೆ ನೋಡದೆ ನೀಲಿ ಇ-ಯಲ್ಲಿ ತುಂಬಿಕೊಟ್ಟೆ. ಮೂರನೆಯ ದಿನ ನಂಜಪ್ಪನವರು ತಮ್ಮ ಮನೆಯ ಹಿತ್ತಿಲಲ್ಲಿ ನಿಂತಿದ್ದಾಗ ಅವರ ತಲೆಗೂ ಭುಜಕ್ಕೂ ಗೇಣು ದೂರದಲ್ಲಿ ಎಳನೀರು ಗೊನೆ ಕಳಚಿ ಬಿತ್ತು. ಸುದ್ದಿ ಕೇಳಿದ ಅತ್ತೆ ನೇರ ಬಂದು ಕಂಪ್ಯೂಟರ್ ಮುಂದೆ ಕೂತು ಎನ್ ಒತ್ತಿದರು. ನಂಜಪ್ಪನವರು ಸಾಲಿನಲ್ಲಿ ನಿಂತಿದ್ದರು.

"ಯಾರೋ ಇದ್ನ ಮಾಡಿದ್ದು?"

ಯಾರೆಂದು ಹೇಳಬೇಕಾಗಿರಲಿಲ್ಲ. "ಅತ್ತೆ, ತೆಂಗಿನ ಮರದಿಂದ ಗೊನೆ ಬೀಳೋದು ಇರೋದೇ. ಒಂದು ಹೆಸರು ತೆಗೆಯೋಕೆ ಅದರ ಮೇಲೆ ನಿಂತು ಡಿಲೀಟ್ ಒತ್ತಿದ್ರೆ ಆಯ್ತು" ಎಂದು ತೋರಿಸಿದೆ. ನಂಜಪ್ಪ ಮಾಯವಾದರು. ಅತ್ತೆಯ ಮುಖ ಸಡಿಲವಾಗಲಿಲ್ಲ.

"ತೆಗ್ದ್ರೆ ಆಯ್ತಾ? ಅಲ್ಲಿ ಜಾಗ ಖಾಲಿ ಆಯ್ತದೆ. ಖಾಲಿ ಬುಡಬಾರ್ದು. ಅದು ಕಾಯ್ತಾ ಇರ್ತದೆ."

ಹಿತ್ತಿಲಲ್ಲಿ ಒಂದು ಹುಂಜವಿತ್ತು, ಬೀದಿಯಲ್ಲೆಲ್ಲ ಎದೆ ಸೆಟೆಸಿ ತಿರುಗುತ್ತಿದ್ದರಿಂದ ಅದಕ್ಕೆ ನವಾಬ ಎಂದು ಹೆಸರು. ಅತ್ತೆ ಮರಣದ ಅರ್ಜಿ ತೆರೆದು ಮೃತರ ಹೆಸರು ನವಾಬ ಎಂದು ಬರೆದರು. ತಂದೆಯ ಹೆಸರು ಎಂಬಲ್ಲಿ ಸ್ವಲ್ಪ ಯೋಚಿಸಿ 'ಗೊತ್ತಿಲ್ಲ' ಎಂದು ತುಂಬಿದರು. ಮುಂದಿನ ಪುಟದವರೆಗೆ ಹೋದರೆ ಹೆಸರು ಬ್ರೌಸರಿನಲ್ಲಿ ಉಳಿಯುತ್ತದೆ, ಕೊನೆಯ ಬಟನ್ ಒತ್ತದೆ ಬಿಟ್ಟರೆ ಸರ್ಕಾರಕ್ಕೆ ಏನೂ ತಲುಪುವುದಿಲ್ಲ. ಹಾಗಾಗಿ ಕೋಳಿಗೆ ಮರಣ ಪತ್ರ ಬರಲಿಲ್ಲ. ಭಾನುವಾರ ನಾನು ನವಾಬನ ಸಾರಿನಲ್ಲಿ ಎರಡು ಮುದ್ದೆ ಉಂಡೆ. ನಂಜಪ್ಪನವರು ಅದಾದ ಮೇಲೆ ಹಲವು ವರ್ಷ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದರು.

ಇವರ ವ್ಯವಸ್ಥೆಯಲ್ಲಿ ಒಂದೇ ಒಂದು ತೊಡಕು ಇತ್ತು. ಜನನಕ್ಕೂ ಮರಣಕ್ಕೂ ಸರ್ಕಾರದ ಪುಟ ಒಂದೇ. ಮೇಲೆ ಎರಡು ದುಂಡು ಗುರುತು, ಒಂದು ಜನನ, ಒಂದು ಮರಣ. ಆಗಿನ ಎಷ್ಟೋ ಸರ್ಕಾರಿ ಪುಟಗಳ ಹಾಗೆ ಅದೂ ನೀಲಿ ಇ-ಯಲ್ಲಿ ಬಿಟ್ಟರೆ ಬೇರೆಲ್ಲೂ ಬಿಚ್ಚುತ್ತಿರಲಿಲ್ಲ. "ಉಟ್ಟೋದ್ಕೂ ಸಾಯೋದ್ಕೂ ಒಂದೇ ಬಾಗ್ಲು ಮಡಗವ್ರೆ, ಬುದ್ಧಿ ಬ್ಯಾಡ್ವಾ?" ಎಂದು ಅತ್ತೆ ಬೈಯುತ್ತಿದ್ದರು. ಜನನದ ಅರ್ಜಿ ಬಂದರೆ ಕಂಪ್ಯೂಟರ್ ಮುಟ್ಟುತ್ತಲೇ ಇರಲಿಲ್ಲ. ಪೆನ್ನಿನಲ್ಲಿ ಬರೆದು, ಬಸ್ ಹತ್ತಿ, ಕಚೇರಿಯ ಕ್ಯೂನಲ್ಲಿ ನಿಂತು ಕೊಟ್ಟುಬರುತ್ತಿದ್ದರು. ಊರಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೆ ಅತ್ತೆಯ ಚೀಲದಲ್ಲಿ ಕೂತು ಬಸ್ಸಿನಲ್ಲಿ ಹೋದವರೇ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಾಳು ಎಂದು ನಾನು ಗೊಣಗುತ್ತಿದ್ದೆ.

2014ರಲ್ಲಿ ನನ್ನ ಮಗಳು ಹುಟ್ಟಿದಳು. ಏಳು ತಿಂಗಳಿಗೇ ಬಂದುಬಿಟ್ಟಳು, ತೂಕ ಒಂದೂಕಾಲು ಕೆಜಿ. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕಾಲಿಗೆ ಒಂದು ಪಟ್ಟಿ, ಅದರ ಮೇಲೆ ಇಂಥವರ ಮಗು ಎಂದು ನನ್ನ ಹೆಂಡತಿಯ ಹೆಸರು. ದಿನವೂ ಗಾಜಿನ ಆಚೆ ನಿಂತು ಅದನ್ನೇ ಓದುತ್ತಿದ್ದೆ. ನನ್ನ ಮಗಳಿಗೆ ಅವಳದೇ ಆದ ಹೆಸರು ಎಲ್ಲೂ ಇಲ್ಲವಲ್ಲ ಅನ್ನಿಸುತ್ತಿತ್ತು. ನಾವಿಬ್ಬರೂ ಒಂದು ಹೆಸರು ಆರಿಸಿ ಇಟ್ಟುಕೊಂಡಿದ್ದೆವು. ಅದು ಒಂದು ಸರ್ಕಾರಿ ಕಾಗದದಲ್ಲಿ ಬಿದ್ದುಬಿಟ್ಟರೆ ಮಗು ಉಳಿಯುತ್ತಾಳೆ ಎಂದು ನನ್ನ ತಲೆಯಲ್ಲಿ ಹೇಗೋ ಬಂದು ಕೂತಿತು. ಯಂತ್ರದಲ್ಲಿ ದೆವ್ವವಿಲ್ಲ ಎಂದು ಪಾಠ ಮಾಡುವವನ ಬುದ್ಧಿ ನೋಡಿ.

"ಕೂಸು ಮನೆಗ್ ಬರ್ಲಿ. ತೊಟ್ಲಿಗೆ ಆಕಿ ಎಸ್ರು ಕರ್ಯಾಣ. ಆಮ್ಯಾಕೆ ನಾನೇ ಬಸ್ಸಲ್ಲಿ ಓಗಿ ಬರುಸ್ಕೊಂಡು ಬತ್ತೀನಿ" ಎಂದು ಅತ್ತೆ ನಾಲ್ಕು ಸಲ ಹೇಳಿದರು.

ಹನ್ನೆರಡನೆಯ ದಿನ ಮಧ್ಯಾಹ್ನ, ನನ್ನ ಹೆಂಡತಿಗೆ ಊಟ ಒಯ್ಯಲು ಅತ್ತೆಯ ಮನೆಗೆ ಬಂದಿದ್ದೆ. ಅವರು ಒಳಗೆ ಕ್ಯಾರಿಯರಿಗೆ ಅನ್ನ ತುಂಬುತ್ತಿದ್ದರು. ಅಂಗಡಿಯಲ್ಲಿ ಕಂಪ್ಯೂಟರ್ ಹಾಗೇ ಇತ್ತು, ನೀಲಿ ಇ-ಯಲ್ಲಿ ಜನನ ಮರಣದ ಆ ಪುಟವೂ ತೆರೆದೇ ಇತ್ತು. ಬೆಳಿಗ್ಗೆ ಯಾರದೋ ಕೆಲಸ ಮುಗಿಸಿ ಮುಚ್ಚದೆ ಬಿಟ್ಟಿದ್ದರು. ಎರಡು ನಿಮಿಷ ಎಂದು ಕೂತೆ. ಮಗಳ ಹೆಸರು ಟೈಪ್ ಮಾಡಿದೆ. ಮೊದಲ ಸಲ ಆ ಹೆಸರನ್ನು ಅಕ್ಷರದಲ್ಲಿ ನೋಡಿ ಕಣ್ಣು ಮಂಜಾಯಿತು. ಮುಂದೆ ಎಂಬ ಬಟನ್ ಒತ್ತಿದೆ.

ಬಂದ ಪುಟದ ತಲೆಯ ಮೇಲೆ 'ಮೃತರ ವಿವರ' ಎಂದಿತ್ತು. ಅದರ ಕೆಳಗೆ ಮೃತರ ಹೆಸರು, ನನ್ನ ಮಗಳದು. ಬೆಳಿಗ್ಗೆಯ ಕೆಲಸಕ್ಕೆ ಹಾಕಿದ್ದ ದುಂಡು ಗುರುತು ಮರಣದ ಮೇಲೇ ಉಳಿದಿತ್ತು, ನಾನು ನೋಡಿರಲಿಲ್ಲ. ಕೆಳಗಿನ ಸಾಲು ಮರಣದ ದಿನಾಂಕ. ಆ ಖಾಲಿ ಜಾಗದಲ್ಲಿ ಕಡ್ಡಿಯಂಥ ಗೆರೆಯೊಂದು ಹೊತ್ತಿ ಆರಿ, ಹೊತ್ತಿ ಆರಿ, ನಾನು ಬರೆಯುವುದನ್ನು ಕಾಯುತ್ತಿತ್ತು.

ಆಗ ಫೋನ್ ಬಂತು. ಹೆಂಡತಿ. "ಬೇಗ ಬನ್ನಿ. ಪಾಪು ಉಸಿರು ನಿಂತು ನಿಂತು ಹೋಗ್ತಿದೆಯಂತೆ. ನನ್ನ ಒಳಗೆ ಬಿಡ್ತಿಲ್ಲ."

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಕ್ಯಾರಿಯರ್. ತೆರೆಯ ಮೇಲಿದ್ದುದನ್ನು ಓದಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ನನಗೆ ಧೈರ್ಯವಾದರೂ ಬರುತ್ತಿತ್ತು. ಅವರು ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟು ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು.

"ನೀನ್ ಓಗು. ಇಲ್ಲಿದ್ದು ನಾನ್ ನೋಡ್ಕೋತೀನಿ."

ಬೈಕ್ ಹತ್ತುವಾಗ 'ಅದರ ಮೇಲೆ ನಿಂತು ಡಿಲೀಟ್ ಒತ್ತಿ ಅತ್ತೆ' ಎಂದು ಕೂಗಿದೆ. ಹಿಂದಿನಿಂದ ಅಂಗಡಿಯ ಶಟರ್ ಎಳೆದುಕೊಂಡ ಶಬ್ದ ಕೇಳಿತು. ದಾರಿಯುದ್ದಕ್ಕೂ ಎಲ್ಲ ಸಿಗ್ನಲ್ಲೂ ಕೆಂಪೇ. ಪ್ರತಿ ಸಿಗ್ನಲ್ಲಿನಲ್ಲೂ ಆ ದಿನಾಂಕದ ಖಾಲಿ ಜಾಗವೇ ಕಣ್ಣ ಮುಂದೆ ಬರುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ಮೂರು ಗಂಟೆ. ನರ್ಸ್ ಹೊರಗೆ ಬಂದು, "ಮೂರು ಸಲ ನಿಂತಿತ್ತು ಸರ್. ಎರಡೂವರೆ ಹೊತ್ತಿಗೆ ಸರಿಯಾಗಿ ಹಿಡ್ಕೊಳ್ತು, ಆಮೇಲೆ ಏನೂ ತೊಂದರೆಯಿಲ್ಲ" ಅಂದರು. ದಿನ ತುಂಬದ ಮಕ್ಕಳು ಹೀಗೆ ಮಾಡುವುದುಂಟು ಎಂದು ಡಾಕ್ಟರೂ ಹೇಳಿದರು. ನಾನು ತಲೆಯಾಡಿಸಿದೆ. ಹೆಂಡತಿಗೆ ಏನನ್ನೂ ಹೇಳಲಿಲ್ಲ.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಗಂಟೇಗ್ ಸರಿಯೋಯ್ತು?"

"ಎರಡೂವರೆಗಂತೆ."

"ಊಂ" ಅಂದರು, ಇಟ್ಟರು.

ಒಂದೂವರೆ ತಿಂಗಳಿಗೆ ಮಗಳು ಮನೆಗೆ ಬಂದಳು. ಅತ್ತೆಯೇ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆದರು. ಅರ್ಜಿಯನ್ನು ಪೆನ್ನಿನಲ್ಲಿ ಬರೆದು ಬಸ್ಸಿನಲ್ಲಿ ಹೋಗಿ ಜನನ ಪತ್ರ ತಂದರು. ಆಮೇಲಿನ ಭಾನುವಾರ ಅವರು ಮಗುವಿಗೆ ಎಣ್ಣೆ ಹಚ್ಚುತ್ತ ಒಳಗಿದ್ದಾಗ ನಾನು ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಮಗಳ ಹೆಸರು ಹೋಗಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಅವಳ ಮೊದಲ ಅಕ್ಷರ ಒತ್ತಿದೆ. ಅವಳು ಇರಲಿಲ್ಲ. ಹಾಯ್ ಎನಿಸಿತು. ಹಿಂದೆಯೇ ಒಂದು ಯೋಚನೆ ಬಂತು. ಜಾಗ ಖಾಲಿ ಬಿಡುವವರಲ್ಲ ಅತ್ತೆ. ಹಾಗಾದರೆ ಅವತ್ತು ಅಲ್ಲಿ ಯಾರನ್ನು ಕೂರಿಸಿದರು?

ಎ-ಯಿಂದ ಶುರು ಮಾಡಿ ಒಂದೊಂದೇ ಅಕ್ಷರ ಒತ್ತುತ್ತ ಹೋದೆ. ಒಂದೊಂದು ಅಕ್ಷರಕ್ಕೂ ಒಂದೊಂದು ಸಾಲು ಎದ್ದು ಬರುತ್ತಿತ್ತು, ಪರಿಚಯದವರು, ಪರಿಚಯವಿಲ್ಲದವರು, ಒಬ್ಬ ಕೋಳಿ. ಎಲ್ಲೂ ಹೊಸಬರಿಲ್ಲ. ಎಸ್ ಒತ್ತಿದೆ. ಸಾವಿತ್ರಮ್ಮ, ಸಿದ್ದಪ್ಪ, ಸುಬ್ಬಮ್ಮ, ಅವರೆಲ್ಲರ ಕೊನೆಯಲ್ಲಿ ನಮ್ಮತ್ತೆ.

ಪೂರ್ತಿ ಹೆಸರು, ಊರು, ವಯಸ್ಸು ಎಲ್ಲ ಇತ್ತು. ಯಾವ ಯಾವ ಪುಟವನ್ನು ಯಾವಾಗ ತೆರೆದದ್ದು ಎಂದು ಬ್ರೌಸರ್ ಬರೆದಿಡುತ್ತದೆ, ಅದನ್ನೂ ತೆಗೆದು ನೋಡಿದೆ. ಅವತ್ತಿನ ಕೊನೆಯ ಪುಟ ಎರಡು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ. ಇನ್ನೊಂದು ಕೋಳಿಯ ಹೆಸರು ಹಾಕಬಾರದಿತ್ತೇ ಎಂದು ಮೊದಲು ಸಿಟ್ಟು ಬಂತು. ಎಪ್ಪತ್ತರ ಮುದುಕರಿಗೆ ಕೋಳಿ ನಡೆಯಿತು, ಈಗ ಹುಟ್ಟಿದ ಮಗುವಿಗೆ ಕೋಳಿ ಸಾಲದು ಎಂದು ಅವರು ಲೆಕ್ಕ ಹಾಕಿರಬೇಕು. ಶಟರ್ ಎಳೆದುಕೊಂಡು ಒಬ್ಬರೇ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ ಆ ಬೆರಳು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ. ಒಳಗೆ ಅತ್ತೆ ಮಗುವಿನ ಜೊತೆ ಏನೋ ಮಾತಾಡುತ್ತಿದ್ದರು, ಅದು ಕೇಳಿಸುತ್ತಲೇ ಇತ್ತು.

ಅವರ ಹೆಸರಿನ ಮೇಲೆ ನಿಂತು ಡಿಲೀಟ್ ಒತ್ತಿದೆ. ಹೋಯಿತು. ಎದ್ದುಬರಬೇಕಿತ್ತು. ಯಂತ್ರ ಯಂತ್ರವೇ. ಆದರೆ ಜಾಗ ಖಾಲಿ ಇದೆ ಎಂಬ ಮಾತು ತಲೆಯಿಂದ ಹೋಗಲೊಲ್ಲದು. ಅತ್ತ ಇತ್ತ ನೋಡಿ, ಮರಣದ ಗುರುತು ಹಾಕಿ, ನನ್ನ ಹೆಸರು ಟೈಪ್ ಮಾಡಿ, ಮುಂದೆ ಎಂದು ಒತ್ತಿ ಎದ್ದೆ. ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದರೆ ಮಾತು ಬಿಟ್ಟ ಇಬ್ಬರು ಮೇಷ್ಟ್ರೂ ಒಂದಾಗಿ ನನ್ನನ್ನು ನೋಡಿ ನಗುತ್ತಿದ್ದರು.

ಮುಂದಿನ ಭಾನುವಾರ ಹೋಗಿ ನೋಡಿದೆ. ನನ್ನ ಹೆಸರಿಲ್ಲ. ಎಸ್ ಒತ್ತಿದರೆ ಸಾಲಿನ ಕೊನೆಯಲ್ಲಿ ಮತ್ತೆ ಅತ್ತೆ! ಡಿಲೀಟ್ ಮಾಡುವುದನ್ನು ಕಲಿಸಿಕೊಟ್ಟ ನನ್ನ ಕೈಗೆ ಬೆಂಕಿ ಬೀಳಲಿ. ಅವರದನ್ನು ಅಳಿಸಿದೆ, ನನ್ನದನ್ನು ಹಾಕಿದೆ. ಅದರ ಮುಂದಿನ ಭಾನುವಾರ ಮತ್ತೆ ಅವರದು. ಇಬ್ಬರೂ ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಅವರು ಎಂದಿನಂತೆ ಸಾರು ಬಡಿಸುತ್ತಿದ್ದರು, ನಾನು ಎಂದಿನಂತೆ ಪ್ರಿಂಟರ್ ಸರಿಮಾಡುವ ನೆಪದಲ್ಲಿ ಅಂಗಡಿಗೆ ಹೋಗುತ್ತಿದ್ದೆ. ಹೀಗೆ ಒಂದಲ್ಲ ಎರಡಲ್ಲ, ಐದು ವರ್ಷ ನಡೆಯಿತು. ಈ ನಡುವೆ ಸರ್ಕಾರದ ಪುಟ ಎಲ್ಲ ಬ್ರೌಸರುಗಳಲ್ಲೂ ತೆರೆಯುವ ಹಾಗಾಯಿತು. ಕಾಲೇಜಿನ ಲ್ಯಾಬಿನಲ್ಲಿ ನೀಲಿ ಇ-ಯನ್ನು ಯಾರೂ ಮುಟ್ಟದ ಹಾಗಾಯಿತು. ಹಳೆಯ ಕಂಪ್ಯೂಟರ್ ತೆಗೆದು ಹೊಸದು ಇಡಿ ಎಂದು ಅತ್ತೆಗೆ ಯಾರಾದರೂ ಹೇಳಿದರೆ, ಬೇಡ ಎನ್ನುವವರಲ್ಲಿ ನಾನೇ ಮೊದಲಿಗನಾಗಿದ್ದೆ.

ಮೊನ್ನೆ ಭಾನುವಾರ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಹೋದ ಕೂಡಲೇ ಪ್ರಿಂಟರಿನ ನೆಪದ ನನ್ನ ಕೆಲಸ ಮುಗಿಸಿಕೊಂಡಿದ್ದೆ. ಈಗ ಐದು ವರ್ಷ ಅವಳಿಗೆ. ಶಾಲೆಯಲ್ಲಿ ಹೆಸರು ಬರೆಯಲು ಕಲಿಸಿದ್ದಾರೆ, ಗೋಡೆ, ನೆಲ, ನನ್ನ ಹಾಜರಿ ಪುಸ್ತಕ ಎಲ್ಲದರ ಮೇಲೂ ಬರೆಯುತ್ತಾಳೆ. ಅಂಗಡಿಯಲ್ಲಿ ಅತ್ತೆಯ ಕುರ್ಚಿ ಹತ್ತಿ ಕೂತವಳು, ತೆರೆಯ ಮೇಲಿನ ನೀಲಿ ಚಿತ್ರವನ್ನು ಒತ್ತಿದಳು. ನಾನು ಬಾಗಿಲಲ್ಲಿದ್ದೆ, ಅತ್ತೆ ಜೆರಾಕ್ಸ್ ಮೆಷಿನ್ ಹತ್ತಿರ.

"ಅಜ್ಜಿ, ಇದ್ರಲ್ಲಿ ನನ್ ಹೆಸ್ರು ಬರೀಲಾ?"

"ಅಲ್ಲಿ ಬೇಡ!"

ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಮಗು ಬೆಚ್ಚಿ ಕೈ ಹಿಂದಕ್ಕೆ ತೆಗೆಯಿತು. ನಾನು ಹೋಗಿ ಅವಳನ್ನು ಎತ್ತಿಕೊಂಡೆ. ಅತ್ತೆ ಬಂದು ಬಣ್ಣದ ಚಕ್ರ ತೆರೆದು, "ಇಗಾ, ಇದ್ರಲ್ಲಿ ಎಷ್ಟ್ ಬೇಕಾದ್ರೂ ಬರಿ ಕಂದ" ಎಂದು ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಅವಳು ನಾಲಿಗೆ ಹೊರಗಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕತೊಡಗಿದಳು. ನಾವಿಬ್ಬರೂ ಅವಳ ಹಿಂದೆ ನಿಂತು ನೋಡುತ್ತಿದ್ದೆವು. ಅತ್ತೆ, ನನ್ನ ಕಡೆ ತಿರುಗದೆ, ಮೆಲ್ಲಗೆ ಕೇಳಿದರು.

"ಈಗ ಅದ್ರಲ್ಲಿ ಯಾರ್ದೈತೆ?"

"ನಂದು" ಅಂದೆ.

"ಆಗ್ಲಿ, ಮೊದ್ಲು ಉಣ್ಣು ಬಾ. ಆಮ್ಯಾಕೆ ತೆಗೀತೀನಿ."